ಕೆಂಪು ದಾರ ಕಟ್ಟಿದ ಟ್ಯೂಬು

ನನ್ನ ಅತ್ತಿಗೆ ಬಾಯಲ್ಲಿ ನಾಲ್ಕು ಗುಂಡುಸೂಜಿ ಕಚ್ಚಿಕೊಂಡೇ ಗಿರಾಕಿಯ ಜೊತೆ ಜಗಳವಾಡಬಲ್ಲರು. ಮೂವತ್ತು ವರ್ಷದ ಅಭ್ಯಾಸ. ಮನೆಯ ಮುಂದಿನ ಕೋಣೆಯೇ ನಮ್ಮ ಹೊಲಿಗೆ ಅಂಗಡಿ. ಕತ್ತರಿ, ಮಿಷಿನ್ನು ಅವರದು. ಗುಂಡಿ, ಹುಕ್ಕು, ಅಂಚು ಮಡಚುವುದು ನನ್ನದು. ಅದಕ್ಕೇ ಅವರು ನನ್ನನ್ನು ಗುಂಡಿ ಎಂದೇ ಕರೆಯುತ್ತಾರೆ. ಅಣ್ಣ ತೀರಿಕೊಂಡ ಮೇಲೆ ಮನೆಯಲ್ಲಿ ನಾವಿಬ್ಬರು ಹೆಂಗಸರೇ. ಮಧ್ಯಾಹ್ನ ಮೂರಕ್ಕೆ ಒಂದೇ ಲೋಟದಲ್ಲಿ ಟೀ. ಅರ್ಧ ಅವರು ಕುಡಿದು ಉಳಿದರ್ಧ ನನ್ನ ಕಡೆ ದಾಟಿಸುತ್ತಿದ್ದರು. ಎರಡನೇ ಲೋಟ ತೊಳೆಯಲು ಸೋಮಾರಿತನ ಎಂದು ನಾನು ಆಡಿಕೊಳ್ಳುತ್ತಿದ್ದೆ, ಕುಡಿಯುವುದನ್ನು ಮಾತ್ರ ಬಿಡಲಿಲ್ಲ.

ಅವರ ತುಟಿಯ ಅಂಚಿನಲ್ಲಿ ವರ್ಷಕ್ಕೊಮ್ಮೆ ಜ್ವರಗುಳ್ಳೆ ಏಳುತ್ತದೆ. ನಿದ್ದೆಗೆಟ್ಟರೆ, ಬಿಸಿಲಿಗೆ ಹೋದರೆ, ಚಿಂತೆ ಹೆಚ್ಚಾದರೆ ಬರುತ್ತದೆ. ಕೈಗೆ ಸಿಕ್ಕಿದ ಎಣ್ಣೆ ಸವರಿ, ಹತ್ತು ದಿನ ಗಿರಾಕಿಗಳ ಮುಂದೆ ಮುಖ ಓರೆ ಮಾಡಿಕೊಂಡು ಮಾತಾಡಿ, ಆಮೇಲೆ ಮರೆತುಬಿಡುತ್ತಿದ್ದರು. ಈ ಸಲ ಮರೆಯುವ ಹಾಗಿರಲಿಲ್ಲ. ಎರಡು ಬೀದಿ ಆಚೆ ಇರುವ ಅವರ ಮಗಳಿಗೆ ಹೆಣ್ಣು ಮಗು ಹುಟ್ಟಿ ಹನ್ನೊಂದು ದಿನವಾಗಿತ್ತು.

ಬುಧವಾರ ಬೆಳಿಗ್ಗೆ ಅತ್ತಿಗೆ ಮೊಮ್ಮಗಳಿಗೆ ಆರನೇ ಅಂಗಿ ಹೊಲಿಯುತ್ತಿದ್ದರು. ದಾರದ ತುದಿಯನ್ನು ತುಟಿಗಿಟ್ಟು ಒದ್ದೆ ಮಾಡಿಕೊಂಡವರು ಸೂಜಿಗೆ ಪೋಣಿಸದೆ ಹಾಗೇ ಕೂತುಬಿಟ್ಟರು. ತುಟಿ ಚುರುಚುರು ಎನ್ನುತ್ತಿದೆ ಎಂದರು. ನಾನು ಹತ್ತಿರ ಹೋಗಿ ನೋಡಿದೆ. ಗುಳ್ಳೆ ಇರಲಿಲ್ಲ, ತುಸು ಕೆಂಪಾಗಿತ್ತು ಅಷ್ಟೇ. ಆದರೆ ಹಿಂದಿನ ಸಂಜೆ ಮಗುವನ್ನು ನೋಡಿ ಹೊರಡುವಾಗ ಅತ್ತಿಗೆ ಅದರ ಹಣೆಗೆ ಮುತ್ತು ಕೊಟ್ಟಿದ್ದರು. ನಾನು ಪಕ್ಕದಲ್ಲೇ ನಿಂತಿದ್ದೆ.

ಮೆಡಿಕಲ್ ಶಾಪಿನ ಕನ್ನಡಕದ ಹೆಂಗಸು ಕಿರುಬೆರಳಿನಷ್ಟು ಉದ್ದದ ಟ್ಯೂಬೊಂದನ್ನು ಮುಂದಿಟ್ಟಳು. ಚುರುಗುಟ್ಟುವಾಗಲೇ ಬಂದದ್ದು ಒಳ್ಳೆಯದಾಯಿತು, ಈ ಮುಲಾಮು ಬೇಗ ಶುರು ಮಾಡಿದಷ್ಟೂ ಕೆಲಸ ಮಾಡುತ್ತದೆ ಎಂದಳು. ಹಚ್ಚುವ ಮೊದಲೂ ಆಮೇಲೂ ಸೋಪು ಹಾಕಿ ಕೈ ತೊಳೆಯಬೇಕು. ಉಜ್ಜಬಾರದು, ಒತ್ತಿ ಒತ್ತಿ ತೆಳ್ಳಗೆ ಹಚ್ಚಬೇಕು. ಎಚ್ಚರವಿರುವಷ್ಟು ಹೊತ್ತು ನಾಲ್ಕು ಗಂಟೆಗೊಮ್ಮೆಯಂತೆ ದಿನಕ್ಕೆ ಐದು ಸಲ, ಐದು ದಿನ. ಬಾಯೊಳಗೆ ಬೇಡ, ಕಣ್ಣಿನ ಹತ್ತಿರವಂತೂ ಬೇಡವೇ ಬೇಡ. ಒಬ್ಬರ ಟ್ಯೂಬು ಒಬ್ಬರಿಗೇ. ಹತ್ತು ದಿನದಲ್ಲಿ ವಾಸಿಯಾಗದಿದ್ದರೆ ಡಾಕ್ಟರಿಗೆ ತೋರಿಸಬೇಕು. ಇಷ್ಟು ಹೇಳಿ, ಮನೆಯಲ್ಲಿ ಎಳೆಮಗು ಇದೆಯೇ ಎಂದು ಕೇಳಿದಳು. ಮಗಳ ಮನೆಯಲ್ಲಿದೆ ಎಂದು ಅತ್ತಿಗೆ ನೆಲ ನೋಡುತ್ತ ಹೇಳಿದರು.

“ಮುಲಾಮು ಹಚ್ಚಿದೀನಲ್ಲ ಅಂತ ಧೈರ್ಯ ಮಾಡ್ಬೇಡಿ. ಇದು ಗುಳ್ಳೆ ಬೇಗ ಒಣಗೋಕೆ ಅಷ್ಟೆ, ಅಂಟೋದನ್ನ ನಿಲ್ಲಿಸಲ್ಲ. ನಮಗೆ ತುಟಿ ಮೇಲೊಂದು ಗುಳ್ಳೆ, ಎಳೆಮಗೂಗೆ ಪ್ರಾಣಕ್ಕೇ ಬರಬಹುದು. ಈಗಾಗ್ಲೇ ಮುತ್ತು ಗಿತ್ತು ಕೊಟ್ಟಿದ್ರೆ ಮಗು ಡಾಕ್ಟರಿಗೆ ಇವತ್ತೇ ಹೇಳ್ಬಿಡಿ.”

“ಇಲ್ಲಮ್ಮ, ಕೊಟ್ಟಿಲ್ಲ,” ಎಂದರು ಅತ್ತಿಗೆ.

ನಾನು ಟ್ಯೂಬನ್ನು ಚೀಲಕ್ಕೆ ಹಾಕಿಕೊಂಡೆ. ಪರರ ಮುಂದೆ ಅವರ ಮಾನ ಕಳೆಯಲು ಮನಸ್ಸಾಗಲಿಲ್ಲ. ಅವರು ನನ್ನನ್ನು ಮುಂದೆ ನಡೆಯಲು ಹೇಳಿ, ಏನನ್ನೋ ಕೇಳುವುದು ಮರೆತೆ ಎಂದು ಮತ್ತೆ ಕೌಂಟರಿಗೆ ಹೋದರು. ನಿಜ ಹೇಳುವುದಕ್ಕೆ ಹೋದರೆಂದುಕೊಂಡೆ. ಹೇಳಲಿಲ್ಲವೆಂದು ಅವರ ಬಾಯಿಂದಲೇ ತಿಳಿದಾಗ ಮನೆ ತಲುಪುವವರೆಗೆ ಬೈದೆ. ಸೂಜಿ ಚುಚ್ಚಿದರೆ ಊರಿಗೆಲ್ಲ ಕೇಳುವಂತೆ ಕೂಗುವವರು, ಇಂಥ ವಿಷಯ ಹೇಗೆ ನುಂಗಿಕೊಂಡು ಕೂತಿರಿ ಎಂದು ಕೇಳಿದೆ.

ಮನೆಗೆ ಬಂದು ಕೈ ತೊಳೆದು, ಹತ್ತಿ ಸುತ್ತಿದ ಕಡ್ಡಿಯಲ್ಲಿ ಮುಲಾಮು ಹಚ್ಚಿಕೊಂಡು, ಮತ್ತೆ ಕೈ ತೊಳೆದರು. ಮುಗಿದ ಐದು ಅಂಗಿಗಳ ಗಂಟು ಬಿಚ್ಚಿ ಎಲ್ಲವನ್ನೂ ಬಿಸಿನೀರಿಗೆ ಹಾಕಿದರು. ಒಂದೊಂದು ಹೊಲಿಗೆಯ ದಾರವನ್ನೂ ತುಟಿಗಿಟ್ಟಿದ್ದೆನಲ್ಲ ಎಂದರು. ಮಗಳಿಗೆ ಫೋನು ಮಾತ್ರ ಮಾಡಲಿಲ್ಲ. ಮಧ್ಯಾಹ್ನ ಟೀಗೆ ನಾನೇ ಎರಡು ಲೋಟ ಇಟ್ಟೆ. ಅದನ್ನು ನೋಡಿ ಅವರ ಕಣ್ಣು ತುಂಬಿತು.

“ಹೇಳಿದ್ರೆ ಇನ್ನು ನನ್ನ ಕೈಗೆ ಮಗೂನ ಕೊಡ್ತಾಳಾ, ಗುಂಡಿ?”

“ಹೇಳ್ದೇ ಇದ್ದು ಮಗೂಗೇನಾದ್ರೂ ಆದ್ರೆ?”

ಅವರೇ ಫೋನು ತೆಗೆದುಕೊಂಡರು. ಸುತ್ತುಬಳಸಿ ಮಾತಾಡಲಿಲ್ಲ. ನಿನ್ನೆ ಮುತ್ತು ಕೊಟ್ಟೆ, ಇವತ್ತು ತುಟಿಗೆ ಬಂದಿದೆ, ಈಗಲೇ ಮಗುವನ್ನು ಡಾಕ್ಟರ ಹತ್ತಿರ ಕರೆದುಕೊಂಡು ಹೋಗು ಎಂದರು. ಬೆಳಿಗ್ಗೆಯೇ ಗೊತ್ತಿತ್ತು ಎನ್ನುವುದನ್ನೂ ಹೇಳಿದರು. ಆ ಕಡೆಯಿಂದ ಫೋನು ಇಟ್ಟ ಸದ್ದು.

ಡಾಕ್ಟರು ಮಗುವನ್ನು ಅಡಿಯಿಂದ ಮುಡಿಯವರೆಗೆ ನೋಡಿ, ಸದ್ಯಕ್ಕೆ ಏನೂ ಇಲ್ಲ ಎಂದರಂತೆ. ಜ್ವರ ಬಂದರೆ, ಹಾಲು ಬಿಟ್ಟರೆ, ಎಬ್ಬಿಸಿದರೂ ಏಳದೆ ಮಂಕಾಗಿದ್ದರೆ, ಮೈಮೇಲೆ ಒಂದೇ ಒಂದು ಗುಳ್ಳೆ ಕಂಡರೂ ಹೊತ್ತುಗೊತ್ತು ನೋಡದೆ ಕರೆತನ್ನಿ ಎಂದರಂತೆ. ಎರಡು ದಿನಕ್ಕೊಮ್ಮೆ ತಂದು ತೋರಿಸಬೇಕು. ಇದನ್ನೆಲ್ಲ ನನಗೆ ಹೇಳಿದ್ದು ಅಳಿಯ. ಮಗಳು ತಾಯಿಯ ಜೊತೆ ಮಾತು ಬಿಟ್ಟಿದ್ದಳು.

ಆ ದಿನಗಳಲ್ಲಿ ಫೋನು ಸದ್ದು ಮಾಡಿದರೆ ಸಾಕು, ಅತ್ತಿಗೆಯ ಕಾಲು ಮಿಷಿನ್ನಿನ ಪೆಡಲು ಬಿಟ್ಟು ಮೇಲೇಳುತ್ತಿತ್ತು. ಬ್ಲೌಸೊಂದಕ್ಕೆ ಎರಡೂ ಎಡದೋಳೇ ಹಚ್ಚಿದರು. ಗೆರೆ ತಪ್ಪದೆ ಮಾಡಿದ್ದು ಮುಲಾಮಿನ ಕೆಲಸ ಒಂದೇ. ತಮ್ಮ ಟ್ಯೂಬಿಗೆ ನೀಲಿ ದಾರ ಕಟ್ಟಿ ಕಿಟಕಿಯಲ್ಲಿ ಇಟ್ಟರು. ತುಟಿಗೆ ಕೈ ಹೋಗಬಾರದೆಂದು ಸೂಜಿಗೆ ದಾರ ಪೋಣಿಸುವ ಸಣ್ಣ ತಂತಿ ತಂದುಕೊಂಡರು. ಗುಂಡುಸೂಜಿಗಳು ಬಾಯಿ ಬಿಟ್ಟು ಮಣಿಕಟ್ಟಿನ ಮೆತ್ತೆಗೆ ಹೋದವು. ಗುಳ್ಳೆ ಎದ್ದು, ಒಡೆದು, ಹಕ್ಕಳೆಗಟ್ಟಿತು. ಒಂಬತ್ತನೇ ದಿನ ಹಕ್ಕಳೆ ತಾನಾಗಿ ಉದುರಿ ಕೆಳಗೆ ಹೊಸ ಚರ್ಮ ಕಂಡಿತು. ಮಗಳು ಆಗಲೂ ಬರಲಿಲ್ಲ.

ಮೂರು ವಾರ ಕಳೆದ ಮೇಲೆ, ಇನ್ನು ಹೆದರಬೇಕಾಗಿಲ್ಲ ಎಂದು ಡಾಕ್ಟರು ಹೇಳಿದರು. ಅಂದೇ ಸಂಜೆ ಮಗಳು ಮಗುವನ್ನು ಎತ್ತಿಕೊಂಡು ಅಂಗಡಿಗೆ ಬರುತ್ತೇನೆಂದು ಫೋನು ಮಾಡಿದಳು. ಅತ್ತಿಗೆ ಮೂರು ಸಲ ಕೈ ತೊಳೆದರು. ನಾನೂ ತೊಳೆದೆ. ಟವೆಲ್ಲಿನಿಂದ ಮುಖ ಒರೆಸಿಕೊಳ್ಳುವಾಗ ನನ್ನ ಕೆಳತುಟಿ ಚುರುಗುಟ್ಟಿತು.

ನನಗೆ ಇದು ಹೊಸದಲ್ಲ, ಹಿಂದೆಯೂ ಒಂದೆರಡು ಸಲ ಬಂದಿತ್ತು. ಕನ್ನಡಿಯಲ್ಲಿ ನೋಡಿದೆ, ಏನೂ ಕಾಣಲಿಲ್ಲ. ಯಾರಿಗೂ ಕಾಣುತ್ತಿರಲಿಲ್ಲ. ನಾನೂ ಮೂರು ವಾರ ಜೀವ ಕೈಯಲ್ಲಿ ಹಿಡಿದುಕೊಂಡು ಕಾದವಳೇ. ಇವತ್ತೊಂದು ದಿನ, ಮುತ್ತು ಕೊಡದೆ ಸುಮ್ಮನೆ ಎತ್ತಿಕೊಂಡರೆ ಏನಾಗುತ್ತದೆ ಎಂದುಕೊಂಡೆ. ಹೀಗೆ ಅಂದುಕೊಂಡವಳು ಬೀದಿಯುದ್ದಕ್ಕೂ ಅತ್ತಿಗೆಯನ್ನು ಬೈದ ನಾನೇ. ನಾಚಿಕೆಯಾಯಿತು.

ಮಗಳು ಹೊಸ್ತಿಲು ದಾಟಿದಳು. ತಾಯಿಯ ಮುಖ ನೋಡಿ, ಮಗುವನ್ನು ಅವರ ತೋಳಿಗೆ ಕೊಟ್ಟಳು. ಆಮೇಲೆ ನನ್ನ ಕಡೆ ತಿರುಗಿ, ಯಾಕತ್ತೆ ಅಷ್ಟು ದೂರ ನಿಂತಿದೀರಿ ಎಂದಳು.

“ನನ್ನ ತುಟಿ ಚುರುಗುಟ್ತಿದೆ,” ಎಂದೆ.

ಅತ್ತಿಗೆ ಗಾಬರಿಯಾಗಲಿಲ್ಲ. ಮಗುವನ್ನು ಮಗಳಿಗೆ ಒಪ್ಪಿಸಿ, ಮಿಷಿನ್ನಿನ ಡ್ರಾಯರ್ ಎಳೆದು, ಸೀಲು ಒಡೆಯದ ಟ್ಯೂಬೊಂದನ್ನು ತೆಗೆದರು. ಅದಕ್ಕೆ ಕೆಂಪು ದಾರ ಕಟ್ಟಿತ್ತು.

“ಅವತ್ತು ಮತ್ತೆ ಕೌಂಟರಿಗೆ ಹೋಗಿದ್ನಲ್ಲ, ಆಗಲೇ ತಂದಿಟ್ಟಿದ್ದೆ. ಇಷ್ಟು ವರ್ಷ ನನ್ನ ಎಂಜಲು ಟೀ ಕುಡಿದವಳು ನೀನು. ಹೋಗು, ಮೊದಲು ಕೈ ತೊಳ್ಕೋ.”

ಮುಲಾಮು ಹಚ್ಚಿ, ಮತ್ತೆ ಕೈ ತೊಳೆದು ಬಂದು ಬಾಗಿಲಲ್ಲೇ ನಿಂತೆ. ಅತ್ತಿಗೆ ಮೊಮ್ಮಗಳನ್ನು ತೊಡೆಯ ಮೇಲೆ ಮಲಗಿಸಿಕೊಂಡು, ಅದರ ಮುಖ ನನ್ನ ಕಡೆಗೆ ತಿರುಗಿಸಿ ಹಿಡಿದರು. ನನಗೆ ಕಾಣಲಿ ಎಂದು ದೀಪವನ್ನೂ ಹಾಕಿಸಿದರು.