ಸೊನ್ನೆ ನಂಬರಿನ ರೇಡಿಯೋ

ನನಗೆ ಈಗಲೂ ಸಿಟ್ಟು ಇಳಿದಿಲ್ಲ. ಮುಂಬೈಯ ಬಾಂದ್ರಾದ ಆಫೀಸಿನಲ್ಲಿ ಲಿಫ್ಟಿನ ಹತ್ತಿರ ನಮ್ಮ ಮ್ಯಾನೇಜರ್ ನಿಂತಿದ್ದರೆ ನಾನು ಮೆಟ್ಟಿಲು ಹಿಡಿಯುತ್ತೇನೆ. ಆರನೇ ಮಹಡಿ, ಮೊಣಕಾಲು ನೋಯುತ್ತದೆ. ನೋಯಲಿ.

ನಮ್ಮ ಕಂಪನಿ ಹೋಟೆಲುಗಳಿಗೆ ಆರ್ಡರ್ ಡಬ್ಬಿ ಮಾಡುತ್ತದೆ. ವೇಟರ್ ತನ್ನ ಮೊಬೈಲಿನಲ್ಲಿ ಒತ್ತಿದ್ದು ಕೌಂಟರಿನ ಡಬ್ಬಿಗೆ ಹೋಗಿ, ಅಲ್ಲಿಂದ ಬ್ಲೂಟೂತ್ ಮೂಲಕ ಅಡುಗೆಮನೆಯ ಪ್ರಿಂಟರಿನಲ್ಲಿ ಚೀಟಿಯಾಗಿ ಹೊರಬರಬೇಕು. ಡಬ್ಬಿಯ ಆಪರೇಟಿಂಗ್ ಸಿಸ್ಟಮ್ಮಿಗೆ ಕರ್ನಲ್ ಎಂಬ ತೀರ ಒಳಗಿನ ಭಾಗವಿದೆ. ಅದರಲ್ಲಿ ಬ್ಲೂಟೂತ್ ಚಿಪ್ಪುಗಳನ್ನು ಎಬ್ಬಿಸುವುದು, ಮಲಗಿಸುವುದು, ಯಾವುದು ಯಾವುದೆಂದು ಲೆಕ್ಕವಿಡುವುದು ನನ್ನ ಕೆಲಸ.

ಡಬ್ಬಿಯಲ್ಲಿ ಇಂಥ ಎರಡು ರೇಡಿಯೋ ಚಿಪ್ಪುಗಳಿವೆ. ಒಂದರ ದನಿ ಸಣ್ಣದು, ಕೌಂಟರಿನ ಬಿಲ್ ಪ್ರಿಂಟರಿಗಷ್ಟೇ ಸಾಕು. ಇನ್ನೊಂದಕ್ಕೆ ಹೊರಗೆ ಆಂಟೆನಾ ಇದೆ, ಅದು ಅಡುಗೆಮನೆಗೆ. ಯಾವುದು ಮೊದಲು ಎದ್ದಿತೋ ಅದಕ್ಕೆ ಕರ್ನಲ್ ಸೊನ್ನೆ ನಂಬರ್ ಕೊಡುತ್ತದೆ, ಆಮೇಲಿನದಕ್ಕೆ ಒಂದು. ಹಾಗಾಗಿ ನಂಬರ್ ನಂಬಬಾರದು. ಪ್ರತಿ ಚಿಪ್ಪಿಗೂ ಎಂದೂ ಬದಲಾಗದ ಸ್ವಂತ ವಿಳಾಸವಿರುತ್ತದೆ, ಅದನ್ನು ನೋಡಿ ಗುರುತಿಸಬೇಕು. ನಮ್ಮ ಆ್ಯಪ್ ಬರೆಯುವ ತಂಡ ಮಾತ್ರ ಸೊನ್ನೆ ಅಂದರೆ ಅಡುಗೆಮನೆ ಎಂದು ಬರೆದು ಕೈ ತೊಳೆದುಕೊಂಡಿತು. ಇದು ಕೈ ಕೊಡುತ್ತದೆ ಎಂದು ಮೀಟಿಂಗಿನಲ್ಲೇ ಹೇಳಿದೆ. "ಲ್ಯಾಬ್ ಮೇ ತೋ ಚಲ್ ರಹಾ ಹೈ ನಾ?" ಎಂದರು ಮ್ಯಾನೇಜರ್. ಲ್ಯಾಬಿನಲ್ಲಿ ಯಾಕೆ ನಡೆಯುವುದಿಲ್ಲ? ಅಲ್ಲಿ ಡಬ್ಬಿಯನ್ನು ಯಾರೂ ಆರಿಸುವುದೇ ಇಲ್ಲ. ಒಮ್ಮೆ ಸೊನ್ನೆಯಾದದ್ದು ಸೊನ್ನೆಯಾಗಿಯೇ ಉಳಿಯುತ್ತದೆ.

ನನ್ನ ಸೋದರಮಾವ ಕುರ್ಲಾ ಸ್ಟೇಷನ್ನಿನ ಹತ್ತಿರದ ಉಡುಪಿ ಹೋಟೆಲೊಂದರಲ್ಲಿ ಅಡುಗೆಮನೆ ನೋಡಿಕೊಳ್ಳುತ್ತಿದ್ದರು. ವಾಸ ಭಾಂಡುಪಿನಲ್ಲಿ, ನಮ್ಮ ಜೊತೆ. ಅವರ ಹೋಟೆಲಿನಲ್ಲಿ ಬಾಗಿಲು ಹಾಕುವಾಗ ಫ್ರಿಜ್ಜಿನ ಲೈನ್ ಬಿಟ್ಟು ಮೇನ್ ಸ್ವಿಚ್ ಆರಿಸುತ್ತಾರೆ. ಬೆಳಿಗ್ಗೆ ದೇವರ ಪಟಕ್ಕೆ ದೀಪ ಹಚ್ಚಿದ ಮೇಲೆಯೇ ಮತ್ತೆ ಹಾಕುವುದು. ಹೀಗಾಗಿ, ನನಗೆ ತಿಳಿಯದೆ ಅಲ್ಲಿ ಬಂದು ಕೂತಿದ್ದ ನಮ್ಮ ಡಬ್ಬಿ ದಿನಾ ಹೊಸದಾಗಿ ಏಳುತ್ತಿತ್ತು, ಕೆಲವು ದಿನ ಸಣ್ಣ ದನಿಯ ಚಿಪ್ಪು ಮೊದಲು ಎದ್ದು ಸೊನ್ನೆಯಾಗುತ್ತಿತ್ತು. ಅಂಥ ದಿನ ಅಡುಗೆಮನೆಗೆ ಕೆಲವು ಆರ್ಡರ್ ಮುಟ್ಟುತ್ತಿದ್ದವು, ಕೆಲವು ದಾರಿಯಲ್ಲೇ ಕಳೆದುಹೋಗುತ್ತಿದ್ದವು. ಕೌಂಟರಿನ ಪರದೆ ಮಾತ್ರ, ಮುಟ್ಟಿತೋ ಇಲ್ಲವೋ ನೋಡದೆ, ಎಲ್ಲದಕ್ಕೂ ಹಸಿರು ಟಿಕ್ ತೋರಿಸುತ್ತಿತ್ತು.

ದೋಸೆಗೆ ಕಾದು ಕಾದು ಲೋಕಲ್ ರೈಲು ತಪ್ಪಿಸಿಕೊಂಡವರು ಕೌಂಟರಿನಲ್ಲಿ ಕೂಗಾಡಿದರು. ಯಜಮಾನರು ನಮ್ಮ ಕಂಪನಿಗೆ ಫೋನ್ ಮಾಡಿದರು. ಡಬ್ಬಿ ಆರ್ಡರ್ ಕಳಿಸಿದೆ, ನಿಮ್ಮವರೇ ಚೀಟಿ ನೋಡುತ್ತಿಲ್ಲ ಎಂದು ನಮ್ಮವರು ಉತ್ತರ ಕೊಟ್ಟರು. ಮಾವನಿಗೋ ಮೊದಲಿನಿಂದಲೂ ಆ ಡಬ್ಬಿಯೆಂದರೆ ತಮಾಷೆ. ವೇಟರ್ ಕೂಗಿದ ಆರ್ಡರನ್ನು ಒಳಗಿನವರು ತಿರುಗಿ ಕೂಗಿ ಒಪ್ಪಿಕೊಳ್ಳುವ ಅಡುಗೆಮನೆಯಲ್ಲಿ ಬೆಳೆದವರು ಅವರು. "ಕೂಗಿದ್ರೆ ಓ ಅನ್ಲಿಕ್ಕೆ ಇದಕ್ಕೆ ಬಾಯಿ ಉಂಟಾ?" ಎಂದು ಎಲ್ಲರೆದುರು ನಕ್ಕಿದ್ದರು. ಆ ನಗುವೇ ಅವರ ಕುತ್ತಿಗೆಗೆ ಬಂತು. ಒಂದು ಮಧ್ಯಾಹ್ನ ಅಡುಗೆ ಭಟ್ಟರು, ವೇಟರುಗಳು, ಊಟಕ್ಕೆ ಕೂತ ಗಿರಾಕಿಗಳು ಎಲ್ಲರ ಮುಂದೆ ಯಜಮಾನರು, "ಮೆಶಿನಿನ ಮೇಲಿನ ಹೊಟ್ಟೆಕಿಚ್ಚಿಗೆ ಚೀಟಿ ಹರಿದು ಬಿಸಾಡ್ತೀರಲ್ಲ, ನಾಚಿಕೆ ಆಗುದಿಲ್ವಾ? ನಾಳೆಯಿಂದ ಬರುದು ಬೇಡ" ಎಂದರು.

ಮಾವ ಮನೆಗೆ ಬಂದು ನಡೆದದ್ದನ್ನು ಹೇಳಿದರು. ಯಾರ ಡಬ್ಬಿ ಅದು ಎಂದು ಕೇಳಿದೆ.

"ನಿಮ್ಮ ಕಂಪನಿದೇ. ನಿನ್ನ ಕೆಲ್ಸಕ್ಕೆ ತೊಂದ್ರೆ ಆಗುದು ಬೇಡ ಅಂತ ಹೇಳ್ಲಿಲ್ಲ."

ಆ ಒಳ್ಳೆಯತನದ ಮೇಲೂ ನನಗೆ ರೇಗಿತು. ಒಂದು ಮಾತು ಹೇಳಿದ್ದರೆ ಅಂದೇ ಹಿಡಿಯುತ್ತಿದ್ದೆ.

ಮರುದಿನ ಮ್ಯಾನೇಜರ್ ಎದುರಿಗೇ ಲ್ಯಾಬಿನ ಡಬ್ಬಿಯನ್ನು ಆರಿಸಿ ಹಾಕಿ, ಆರಿಸಿ ಹಾಕಿ, ನಂಬರ್ ಅದಲುಬದಲಾಗುವುದನ್ನು ತೋರಿಸಿದೆ. ವಿಳಾಸ ನೋಡಿ ಚಿಪ್ಪು ಗುರುತಿಸುವ ತಿದ್ದುಪಡಿಯನ್ನೂ ಬರೆದುಕೊಟ್ಟೆ. ಅದು ವೇಗ ಹೆಚ್ಚಿಸುವ ಹೊಸ ಸುಧಾರಣೆ ಎಂಬ ಹೆಸರಿನಲ್ಲಿ ಹೋಟೆಲುಗಳಿಗೆ ಹೊರಟಿತು. ತಪ್ಪು ನಮ್ಮದೆಂದು ಕುರ್ಲಾದವರಿಗೆ ಒಂದು ಸಾಲು ಬರೆಯಿರಿ ಎಂದೆ. "ರೈಟಿಂಗ್ ಮೇ ಕುಛ್ ನಹೀ ದೇಂಗೆ. ಬಾರ್ ಬಾರ್ ಸ್ವಿಚ್ ಆಫ್ ಕರನಾ ಯೂಸರ್ ಎರರ್ ಹೈ" ಎಂದರು. ಬರೆದು ಏನೂ ಕೊಡುವುದಿಲ್ಲವಂತೆ, ಪದೇ ಪದೇ ಸ್ವಿಚ್ ಆರಿಸುವುದು ಬಳಸುವವರ ತಪ್ಪಂತೆ. ಸ್ವಿಚ್ ಇರುವುದು ಯಾತಕ್ಕೆ, ಆರತಿ ಎತ್ತುವುದಕ್ಕೆ? ಹಾಗೇ ಕೇಳಿದೆ, ಇಡೀ ಆಫೀಸಿಗೆ ಕೇಳುವಂತೆ. ಅವರು ಬಾಗಿಲು ಹಾಕಿಕೊಂಡರು.

ನಾನೇ ಕುರ್ಲಾಕ್ಕೆ ಹೋದೆ. ಅಲ್ಲಿನ ಡಬ್ಬಿಗೆ ತಿದ್ದುಪಡಿ ಹಾಕುವ ಮೊದಲು ಯಜಮಾನರ ಕೈಯಲ್ಲೇ ಮೇನ್ ಆರಿಸಿ ಹಾಕಿಸಿದೆ, ಚಿಪ್ಪುಗಳ ನಂಬರ್ ತಿರುವುಮುರುವು ಆಗುವವರೆಗೂ ಬಿಡಲಿಲ್ಲ. ಆಮೇಲೆ ಒಂದರ ಹಿಂದೊಂದು ಆರ್ಡರ್ ಒತ್ತಿಸಿ, ಅವರನ್ನು ಒಳಗೆ ಕರೆದುಕೊಂಡು ಹೋಗಿ ಕೆಲವಕ್ಕೆ ಬಾಯಿ ಮುಚ್ಚಿಕೊಂಡೇ ಇದ್ದ ಪ್ರಿಂಟರ್ ತೋರಿಸಿದೆ. ಚೀಟಿ ಹರಿಯಲು ಅಲ್ಲಿ ಮಾವ ಇರಲಿಲ್ಲವಲ್ಲ.

"ಓಹೋ, ಹೀಗುಂಟಾ? ಆಯ್ತಮ್ಮ, ನಾಳೆ ಅವ್ರಿಗೆ ಬರ್ಲಿಕ್ಕೆ ಹೇಳಿ."

"ಎಲ್ಲರ ಮುಂದೆ ಬೈದಿರಿ. ಅವರ ತಪ್ಪಲ್ಲ ಅಂತ ಎಲ್ಲರ ಮುಂದೆಯೇ ಹೇಳಿ."

"ಅದೆಲ್ಲ ಯಾಕೆ ಈಗ? ನಾವು ನಾವೇ ಅಲ್ವಾ," ಎಂದು ನಕ್ಕು ನನಗೆ ಕಾಫಿ ತರಿಸಿದರು. ಕುಡಿಯದೆ ಬಂದೆ.

ಮಾವ ಮರುದಿನ ಕೆಲಸಕ್ಕೆ ಹೋದರು. ಯಜಮಾನರು ಅವರ ಬಗ್ಗೆ ಯಾರೆದುರೂ ಏನೂ ಹೇಳಲಿಲ್ಲ. ಮೊನ್ನೆ ಮನೆಯ ಕೀಲಿ ಇಸಿದುಕೊಳ್ಳಲು ಹೋದವಳು ಅಡುಗೆಮನೆಯ ಬಾಗಿಲಲ್ಲಿ ನಿಂತೆ. ಆರ್ಡರ್ ಒಂದೂ ತಪ್ಪುತ್ತಿರಲಿಲ್ಲ. ಪ್ರಿಂಟರಿನ ನೇರ ಮೇಲೆ ಗೋಡೆಗೆ ಹೊಸ ಕ್ಯಾಮೆರಾ ಬಡಿದಿದ್ದರು. ಚೀಟಿ ಬಂದ ಕೂಡಲೇ ಮಾವ ಅದನ್ನು ಎರಡೂ ಕೈಯಲ್ಲಿ ಹಿಡಿದು ಕ್ಯಾಮೆರಾದ ಕಡೆಗೆ ಎತ್ತಿ ತೋರಿಸಿ, ಆಮೇಲೆ ಮೊಳೆಗೆ ಸಿಕ್ಕಿಸುತ್ತಿದ್ದರು.

"ಎಂತಕ್ಕೆ ಮಾವ ಇದು? ತೋರಿಸಿ ಅಂತ ಹೇಳಿದ್ದಾರಾ?"

"ಯಾರೂ ಹೇಳ್ಲಿಲ್ಲ ಮಾರಾಯ್ತಿ. ನಾಳೆ ಕೇಳಿದ್ರೆ?"

ಅಷ್ಟರಲ್ಲಿ ಇನ್ನೊಂದು ಚೀಟಿ ಬಂತು. ಒದ್ದೆ ಕೈಯನ್ನು ಪಂಚೆಗೆ ಒರೆಸಿಕೊಂಡು ಅದನ್ನೂ ಎತ್ತಿ ಹಿಡಿದರು.