ಹೊಸ್ತಿಲಾಚೆಯ ಹೆಸರು

ಸ್ಟ್ಯಾನಿಸ್ಲಾಸ್ ಲೋಬೊ 1993ರಲ್ಲಿ ಫ್ಲೆಚರ್ ಆದದ್ದು ಹೊಟ್ಟೆಪಾಡಿಗೆ. ಇಂಗ್ಲಿಷರ ನಾಡಿನಲ್ಲಿ, ಕ್ಯಾನರಿ ವಾರ್ಫಿನ ಒಂದು ಆಫೀಸಿನಲ್ಲಿ ಕೂತು ಫೋನಿನಲ್ಲಿ ಕಿಟಕಿ ಮಾರುವ ಕೆಲಸ ಅವನದು. ಲೋಬೊ ಅಂದ ಕೂಡಲೇ ಆಚೆಯವರು ಫೋನ್ ಕುಕ್ಕುತ್ತಾರೆ, ಒಂದು ಇಂಗ್ಲಿಷ್ ಹೆಸರು ಇಟ್ಟುಕೋ ಎಂದ ಮ್ಯಾನೇಜರ್. ಇಲ್ಫರ್ಡಿನ ಮನೆಯೆದುರಿನ ಪೇಂಟ್ ಅಂಗಡಿಯ ಬೋರ್ಡಿನಿಂದ ಇವನು ಒಂದನ್ನು ಎತ್ತಿಕೊಂಡ. ಕದ್ದದ್ದೆಂದು ಯಾರೂ ಹೇಳುವಂತಿರಲಿಲ್ಲ. ಅದು ಒಬ್ಬ ವಕೀಲನಿಗೂ ಇತ್ತು, ಸ್ಟೇಷನ್ ಹಿಂದಿನ ಗಲ್ಲಿಗೂ ಇತ್ತು, ಆಫೀಸಿನ ಒಬ್ಬನಿಗಂತೂ ಅಪ್ಪ ಅಮ್ಮ ಇಟ್ಟ ಹೆಸರೇ ಅದು.

ಮನುಷ್ಯ ಸುಮ್ಮನಿರಬೇಕಲ್ಲ? ಲೈಬ್ರರಿಯಲ್ಲಿ ಅದರ ಮೂಲ ಹುಡುಕಿ, ಹೆಂಡತಿ ಎಮಿಲ್ಡಾಳ ಮುಂದೆ ಜಂಬ ಕೊಚ್ಚಿಕೊಂಡ.

"ಹಿಂದಿನ ಕಾಲದಲ್ಲಿ ಬಾಣಕ್ಕೆ ಗರಿ ಕಟ್ಟುವವರಂತೆ ಮಾರಾಯ್ತಿ. ಒಳ್ಳೇ ಕಸುಬಿನ ಹೆಸರು."

"ನಿಮ್ಮ ಹಿರಿಯರು ಟಿಪ್ಪುವಿನ ಸೆರೆಯಲ್ಲಿ ಸತ್ತರೂ ಲೋಬೊ ಬಿಡ್ಲಿಲ್ಲ. ನೀವು ಕಿಟಕಿ ಮಾರ್ಲಿಕ್ಕೆ ಬಿಟ್ರಿ. ಆ ಹೆಸರು ಈ ಹೊಸ್ತಿಲು ದಾಟುವುದು ಬೇಡ."

ದಾಟಲೂ ಇಲ್ಲ. ಎಮಿಲ್ಡಾ ಅದನ್ನು ಬಾಯಿಬಿಟ್ಟು ಒಮ್ಮೆಯೂ ಹೇಳಲಿಲ್ಲ. ಚರ್ಚಿನಲ್ಲಿ ಯಾರ ಕಿವಿಗೂ ಬೀಳದಂತೆ ನೋಡಿಕೊಂಡಳು. ಅವನೂ ಆ ಹೆಸರಿದ್ದ ಆಫೀಸಿನ ಬ್ಯಾಡ್ಜನ್ನು ರೈಲಿನಲ್ಲೇ ಕಳಚಿ ಜೇಬಿಗೆ ಹಾಕುತ್ತಿದ್ದ.

1999ರ ಜುಲೈಯ ಒಂದು ಶುಕ್ರವಾರ, ಕೋಟು ಪರ್ಸು ಕುರ್ಚಿಯಲ್ಲೇ ಬಿಟ್ಟು ಊಟಕ್ಕೆ ಇಳಿದವನು ಬೀದಿಯಲ್ಲಿ ಕುಸಿದ. ತಲೆಯೊಳಗೆ ರಕ್ತಸ್ರಾವ. ಆಂಬುಲೆನ್ಸಿನವರಿಗೆ ಸಿಕ್ಕಿದ್ದು ಕುತ್ತಿಗೆಯ ಬ್ಯಾಡ್ಜ್ ಒಂದೇ. ಕೋಟು ಮರೆತು ಮನೆಗೆ ಹೋಗಿರಬೇಕು ಎಂದುಕೊಂಡು ಆಫೀಸಿನವರು ಎರಡು ದಿನದ ರಜೆಗೆ ಬಾಗಿಲು ಹಾಕಿದರು.

ಶನಿವಾರ ಬೆಳಿಗ್ಗೆ ಎಮಿಲ್ಡಾ ಆಸ್ಪತ್ರೆ ಆಸ್ಪತ್ರೆ ಅಲೆದಳು. ಊರಿನವರೇ ಆದ ಫಾದರ್ ಓಸ್ವಿನ್ ಕಾರು ತಂದಿದ್ದರು, ಜೇಬಿನಲ್ಲಿ ಪವಿತ್ರ ಎಣ್ಣೆಯ ಡಬ್ಬಿಯಿತ್ತು. ಬದುಕಿದ್ದರೆ ಸರಿ, ಹೋಗುವುದೇ ಆದರೆ ಹಣೆಗೆ ಆ ಎಣ್ಣೆ ಬೀಳದೆ, ಪ್ರಾರ್ಥನೆ ಕಿವಿಗೆ ಬೀಳದೆ ಅನಾಥನ ಹಾಗೆ ಹೋಗಬಾರದು. ಅವಳ ಬೇಡಿಕೆ ಅಷ್ಟೇ.

ಮೂರನೆಯ ಆಸ್ಪತ್ರೆಯಲ್ಲಿ ನರ್ಸ್ ಪಟ್ಟಿ ನೋಡಿ ತಲೆಯಾಡಿಸಿದಳು. "ಲೋಬೊ ಅನ್ನುವವರು ಇಲ್ಲ. ಬೇರೆ ಯಾವುದಾದರೂ ಹೆಸರು ಇದೆಯಾ ಅವರಿಗೆ?"

ನಾಲಗೆಯ ತುದಿಗೆ ಬಂದಿತ್ತು. ಪಕ್ಕದಲ್ಲಿ ಫಾದರ್. ಭಾನುವಾರ ಪೀಠದಲ್ಲಿ ನಿಂತು ಬೈಬಲ್ ಓದುವ ಗಂಡ, ವಾರವಿಡೀ ಸುಳ್ಳು ಹೆಸರಿನವನು ಎಂದು ಇವರೆದುರು ಹೇಳುವುದು ಹೇಗೆ? ಮಾನ ಉಳಿಯುತ್ತದೆಯೇ?

"ಇಲ್ಲ," ಎಂದಳು. ಇಬ್ಬರೂ ಮುಂದಿನ ಆಸ್ಪತ್ರೆಗೆ ಹೊರಟರು.

ಅದೇ ಕಟ್ಟಡದ ಎರಡನೇ ಮಹಡಿಯಲ್ಲಿ, ಧರ್ಮ ತಿಳಿಯದು ಎಂದು ಬರೆಸಿಕೊಂಡ ಫ್ಲೆಚರ್ ಆ ಸಂಜೆ ನಾಲ್ಕಕ್ಕೆ ತೀರಿಕೊಂಡ. ಸೋಮವಾರ ಆಫೀಸಿನವರು ಫೋನ್ ಮಾಡಿದಾಗಲೇ ಅದು ಎಮಿಲ್ಡಾಳಿಗೆ ಗೊತ್ತಾದದ್ದು.

ಮಣ್ಣಾದ ಮೇಲೆ ಫಾದರ್ ಅವಳ ಕೈ ಹಿಡಿದು ಸಮಾಧಾನ ಹೇಳಿದರು.

"ದೇವರ ಚಿತ್ತ, ಎಮಿಲ್ಡಾ ಬಾಯಿ. ನಾವು ಹುಡುಕದ ಜಾಗ ಇಲ್ಲ. ಸಿಗಲೇ ಇಲ್ಲ ಅಂದ್ರೆ ಎಂತ ಮಾಡ್ಲಿಕ್ಕಾಗ್ತದೆ?"

ಎಮಿಲ್ಡಾ ಕೈ ಬಿಡಿಸಿಕೊಂಡಳು. "ಆ ನರ್ಸ್ ಕೇಳಿದ ಹೆಸರು ನನಗೆ ಗೊತ್ತಿತ್ತು ಫಾದರ್. ನಿಮ್ಮ ಎದುರು ಹೇಳ್ಲಿಕ್ಕೆ ನಾಚಿಕೆಯಾಯ್ತು."