ಉಪವಾಸದ ಪದಾರ್ಥ

ಮಾವನ ಮೀಸೆಯಲ್ಲಿ ಯಾವಾಗ ನೋಡಿದರೂ ಶೇಂಗಾದ ಕೆಂಪು ಸಿಪ್ಪೆ ಒಂದೆರಡು ಸಿಕ್ಕಿಕೊಂಡಿರುತ್ತಿದ್ದವು. ಮೀಸೆ ದೊಡ್ಡದು, ಎಣ್ಣೆ ಹಚ್ಚಿ ತೀಡಿದ್ದು. ಮಾತಾಡುವಾಗ ಮೀಸೆ ಕುಣಿಯುತ್ತಿತ್ತು, ಸಿಪ್ಪೆಯೂ ಕುಣಿಯುತ್ತಿತ್ತು. ಮೀಸೆ ಒರೆಸಿಕೊಳ್ಳಿ ಎಂದು ಮನೆಯಲ್ಲಿ ಯಾರೂ ಹೇಳುತ್ತಿರಲಿಲ್ಲ. ಅಳಿಯನಿಗೆ ಹಾಗೆ ಹೇಳುವುದುಂಟೆ? ಆ ಸಿಪ್ಪೆ ಉದುರಿ ನನ್ನ ಮೇಲೆ ಬೀಳದಿರಲೆಂದು ನಾನೇ ಹಿಂದೆ ಸರಿಯುತ್ತಿದ್ದೆ. ಶೇಂಗಾ ತಾಕಿದರೆ ನನ್ನ ಮೈಯೆಲ್ಲ ದದ್ದು ಏಳುತ್ತಿತ್ತು. ಬಾಯಿಗೆ ಹೋದರೆ ತುಟಿ ಬಾತು ಉಸಿರು ಕಟ್ಟುತ್ತಿತ್ತು.

ಮಾವ ಎಂದರೆ ನನ್ನ ಅಪ್ಪನ ಅಕ್ಕನ ಗಂಡ. ಶಿರಹಟ್ಟಿಯಲ್ಲಿ ಸಂಸ್ಥಾನದ ಕಚೇರಿಯ ಕಾರಕೂನನಾಗಿದ್ದ. ಅರ್ಜಿ ಹಿಡಿದು ಬಂದ ರೈತರನ್ನು ಕಟ್ಟೆಯ ಮೇಲೆ ಕೂಡಿಸಿ ಕಾಯಿಸುವುದೇ ಅವನ ಮುಖ್ಯ ಕೆಲಸವಾಗಿತ್ತಂತೆ. ಸ್ವಾತಂತ್ರ್ಯ ಬಂತು, ಮರುವರ್ಷ ಸಂಸ್ಥಾನ ಮುಂಬೈ ಪ್ರಾಂತದಲ್ಲಿ ಕರಗಿತು, ಹೊಸ ಸರಕಾರಕ್ಕೆ ಇವನು ಬೇಕಾಗಲಿಲ್ಲ. ಅತ್ತೆಯನ್ನೂ ಟ್ರಂಕುಗಳನ್ನೂ ಕರೆದುಕೊಂಡು ಬೆಟಗೇರಿಯ ನಮ್ಮ ಮನೆಗೆ ಬಂದು, "ನಾಕ ದಿವಸ ಇದ್ದು ಹೋಗ್ತೀನಿ" ಎಂದ. ಸಾಯುವ ತನಕ ಇದ್ದ. ರಾಜರ ಗಾದಿ ಹೋಯಿತು, ಇವನ ತಲೆಯ ರುಮಾಲು ಮಾತ್ರ ಇಳಿಯಲಿಲ್ಲ. ಬದುಕಿದ್ದ ತನಕ ಅವನಿಗೆ ಬಹುವಚನ ಕೊಟ್ಟು ಕೊಟ್ಟು ನನ್ನ ಬಾಯಿ ಸೋತಿದೆ, ಬರೆಯುವಾಗಲಾದರೂ ನನಗೆ ಆ ಕಷ್ಟ ಬೇಡ.

ಕಚೇರಿ ಇಲ್ಲದ ಕಾರಕೂನನಿಗೆ ಹುಕುಂ ಹೊರಡಿಸಲು ಏನಾದರೂ ಬೇಕಲ್ಲ, ಮಾವನಿಗೆ ನಮ್ಮ ಹೊಟ್ಟೆಗಳು ಸಿಕ್ಕವು. ಎಲ್ಲೋ ಒಂದು ಮರಾಠಿ ಚೋಪಡಿ ಓದಿ ಬಲವರ್ಧನೆಯ ಪಂಡಿತನಾದ. ಪಡಸಾಲೆಯಲ್ಲಿ ಕಂಬಕ್ಕೆ ಒರಗಿ ಕುಳಿತು ಬಂದವರಿಗೆಲ್ಲ ಅದೇ ಪಾಠ.

"ಮೈ ಅಂದ್ರ ಒಂದು ಕಚೇರಿ ಇದ್ದಂಗ. ಒಳಗಿನ ಸಾಹೇಬ ಗಟ್ಟಿ ಇದ್ರ, ಬಂದ ರೋಗ ಹೊರಗ ಕಟ್ಟಿ ಮ್ಯಾಲೆ ಕುಂತು ಕುಂತು ಬ್ಯಾಸತ್ತು ಹೋಗತೈತಿ."

ಒಳಗಿನ ಸಾಹೇಬನಿಗೆ ಬಲ ಬರಲೆಂದು ಒಂದು ಪುಡಿ ಮಾಡಿದ. ಕಪ್ಪತಗುಡ್ಡದ ಬೇರು ತರುತ್ತೇನೆಂದು ಮುಂಡರಗಿ ಬಸ್ಸು ಹತ್ತಿ, ಗುಡ್ಡದ ಕಡೆ ತಲೆ ಹಾಕದೆ, ಸಂತೆಯಲ್ಲಿ ಶೇಂಗಾ ಕೊಂಡು ತಿರುಗಿ ಬರುತ್ತಿದ್ದ. ಶೇಂಗಾ ಹುರಿದು, ಒಣ ಉತ್ತತ್ತಿ, ಸಾಬೂದಾಣಿ ಸೇರಿಸಿ, ಕೋಣೆಯ ಬಾಗಿಲು ಹಾಕಿಕೊಂಡು ಅತ್ತೆಯ ಕೈಲಿ ಕುಟ್ಟಿಸಿದರೆ ಪುಡಿ ಆಯಿತು. ಬೇರು ಎಲ್ಲಿ ಎಂದು ಕೇಳಿದವರಿಗೆ, "ಅದು ಕಣ್ಣಿಗೆ ಕಾಣಂಗಿಲ್ಲ" ಎನ್ನುತ್ತಿದ್ದ. ಅದೊಂದು ಮಾತು ಖರೆ ಇತ್ತು.

ಶೇಂಗಾ ನನಗೆ ನಂಜು ಎಂಬುದನ್ನು ಅವ್ವ ನಾನು ಕೂಸಿದ್ದಾಗಲೇ ಕಂಡುಕೊಂಡಿದ್ದಳು. ನನ್ನ ಚಟ್ನಿಗೆ ಬೇರೆ ಒರಳು, ನನ್ನ ಪಲ್ಯಕ್ಕೆ ಕುಸುಬಿ ಎಣ್ಣೆ. ಬೇರೆ ಮಕ್ಕಳು ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ, ಹಚ್ಚಿಕೊಂಡು ರೊಟ್ಟಿ ತಿಂದರೆ ನನಗೆ ಗುರೆಳ್ಳಿನದೋ ಅಗಸಿಯದೋ ಹಿಂಡಿ. ಮಾವನಿಗೆ ಇದು ತನ್ನ ಶಾಸ್ತ್ರಕ್ಕೇ ಮಾಡಿದ ಅವಮಾನವಾಗಿ ಕಂಡಿತು. ನಮ್ಮ ಕಡೆ ಉಪವಾಸದ ದಿನ ರೊಟ್ಟಿ, ಅನ್ನ, ಬೇಳೆ ಯಾವುದೂ ನಡೆಯುವುದಿಲ್ಲ, ಶೇಂಗಾ ನಡೆಯುತ್ತದೆ. ಅಷ್ಟು ಸಾಕಾಯಿತು ಅವನಿಗೆ.

"ಉಪಾಸಕ್ಕ ನಡಿಯೋ ಪದಾರ್ಥ ನಂಜ ಹೆಂಗ ಆಗತೈತಿ? ದೇವರಿಗೆ ನಡದದ್ದು ಇವರ ಮಗಳಿಗೆ ನಡಿಯಂಗಿಲ್ಲಂತ! ಹುಡುಗಿ ಮೈಯಾಗ ಬಲ ಇಲ್ಲ, ಅಷ್ಟ."

ಅಜ್ಜಿ ತಲೆದೂಗಿದಳು. ಅಳಿಯನ ಬಾಯಿಂದ ಏನು ಬಂದರೂ ಅಜ್ಜಿ ತಲೆದೂಗುತ್ತಿದ್ದಳು. ಅಪ್ಪ ಶಾಲೆಯ ಮಾಸ್ತರ, ಹುಡುಗರ ಮುಂದೆ ಹುಲಿ, ಅಕ್ಕನ ಗಂಡನ ಮುಂದೆ ಇಲಿ. ಅವ್ವನಂತೂ ಮಾವನ ಎದುರಿಗೇ ಬರುವಂತಿರಲಿಲ್ಲ. ಅವಳ ಮಾತೆಲ್ಲ ಅಡುಗೆಮನೆಯ ಬಾಗಿಲ ಮರೆಯಿಂದ, ಅಜ್ಜಿಯ ಮೂಲಕ ಹೋಗಬೇಕು. ಆ ಪುಡಿಯಲ್ಲಿ ಏನೇನು ಇದೆ ಎಂದು ಅವಳು ಹಾಗೆಯೇ ಕೇಳಿಸಿದ್ದಳು. "ಎಲ್ಲಾ ಉಪಾಸದ ಪದಾರ್ಥ ಅಂತ ಹೇಳ್ರಿ" ಎಂಬ ಉತ್ತರ ಬಂದಿತ್ತು. ಅಜ್ಜಿ ಆ ಪುಡಿಯನ್ನು ಒಂದು ಚಿಟಿಕೆ ಹಾಲಿಗೆ ಹಾಕಿ ನನಗೆ ಕುಡಿಸಿದಳು. ಕಣ್ಣು ಬಾತು ಮುಚ್ಚಿಕೊಂಡವು, ಮೈ ತುಂಬ ದದ್ದು.

ಮಾವ ಬಂದು ನೋಡಿ ಸಂತೋಷಪಟ್ಟ. "ಒಳಗಿನ ಹೊಲಸು ಹೊರಗ ಬರಾಕತ್ತೈತಿ. ಪುಡಿ ಬಿಡಬ್ಯಾಡ್ರಿ. ದಿನಾ ಕೊಡ್ರಿ."

ಅವ್ವ ದಿನಾ ಕೊಟ್ಟಳು. ಏನು ಕೊಟ್ಟಳು ಎಂಬುದು ನಮ್ಮಿಬ್ಬರಿಗೆ ಮಾತ್ರ ಗೊತ್ತು. ಮಾವನ ಪುಡಿ ಹಿತ್ತಲ ತಿಪ್ಪೆಗೆ ಹೋಯಿತು. ಅದೇ ಡಬ್ಬಿಯಲ್ಲಿ ಪುಠಾಣಿ ಎಂಬ ಹುರಿಗಡಲೆ, ಗುರೆಳ್ಳು, ಬೆಲ್ಲ ಕುಟ್ಟಿದ ಅವ್ವನ ಪುಡಿ ಬಂದು ಕುಳಿತಿತು. ಮಾವನ ಕಣ್ಣೆದುರೇ ಅದನ್ನು ಹಾಲಿಗೆ ಹಾಕಿಕೊಂಡು ನಾನು ಕುಡಿಯುತ್ತಿದ್ದೆ. ದದ್ದು ಏಳಲಿಲ್ಲ, ಕೆನ್ನೆ ತುಂಬಿಕೊಂಡವು. ಮಾವ ನನ್ನ ಗದ್ದ ಹಿಡಿದು ಬಂದವರಿಗೆಲ್ಲ ತೋರಿಸುತ್ತಿದ್ದ. ಲಕ್ಷ್ಮೇಶ್ವರದ ಕಾಳಿನ ವ್ಯಾಪಾರಿಗಳು, ಮಲ್ಲಸಮುದ್ರದ ಗೌಡರು, ಯಾರು ಪಡಸಾಲೆಗೆ ಬಂದರೂ ನನ್ನ ಗದ್ದ ಮೇಲೇಳಬೇಕು. ಅವ್ವನ ಪುಠಾಣಿಯ ಮೇಲೆ ಅವನ ಕೀರ್ತಿ ಬೆಳೆಯಿತು. ಹೀಗೆ ವರ್ಷಗಳು ಹೋದವು.

ಕನ್ನಡದ ಸೀಮೆಗಳನ್ನು ಒಂದು ರಾಜ್ಯವಾಗಿ ಕೂಡಿಸುವ ಕಾಯ್ದೆ ಪಾಸಾದ ಸುದ್ದಿ ಬಂದಾಗ ಶ್ರಾವಣ ನಡೆದಿತ್ತು. ಸೋಮವಾರ, ಎಲ್ಲರಿಗೂ ಉಪವಾಸ. ಸಂಸ್ಥಾನ ಹೋದಾಗ ಅತ್ತಿದ್ದ ಮಾವ ಈಗ ಏಕೀಕರಣದ ಮುಂದಾಳಾಗಿದ್ದ. ಓಣಿಯ ಗಂಡಸರನ್ನೆಲ್ಲ ಪಡಸಾಲೆಗೆ ಕರೆದು ಉಂಡಿ ಹಂಚಿದ.

"ನಾಡು ಐದು ಕಡೆ ಹರಿದು ಹೋಗಿತ್ತು, ಅದಕ್ಕ ಈ ಉಂಡ್ಯಾಗ ಐದು ಪದಾರ್ಥ. ಎಲ್ಲಾ ಉಪಾಸದ್ದು!"

ಶೇಂಗಾ, ಉತ್ತತ್ತಿ, ಕೊಬ್ಬರಿ, ಸಾಬೂದಾಣಿ, ಬೆಲ್ಲ. ಜನ ತಿಂದು ಚಪ್ಪಾಳೆ ತಟ್ಟಿದರು. ಚಪ್ಪಾಳೆ ಅವನ ತಲೆಗೇರಿತು. ನನ್ನನ್ನು ಕರೆದು ನಡುವೆ ನಿಲ್ಲಿಸಿದ. ನನಗೆ ಆಗ ಲಂಗ-ಪೋಲಕದ ವಯಸ್ಸು, ಅಷ್ಟು ಗಂಡಸರ ಮುಂದೆ ತಲೆ ಎತ್ತಲೂ ನಾಚಿಕೆ.

"ಈ ಹುಡುಗಿ ಶೇಂಗಾ ವಾಸನಿ ಬಡದ್ರ ಬಾತಕೊಳ್ತಿದ್ಲು. ನನ್ನ ಪುಡಿ ತಿಂದು ಈಗ ಹೆಂಗದಾಳ ನೋಡ್ರಿ. ನಾಡ ಕೂಡಾಕತ್ತೈತಿ, ಇಕಿ ಹೊಟ್ಟಿ ಒಂದು ಶೇಂಗಾನ ಕೂಡಿಸ್ಕೊಳ್ಳಂಗಿಲ್ಲೇನು? ಬಾಯಿ ತಗೀವಾ."

ಬಾಗಿಲ ಮರೆಯಲ್ಲಿ ಅವ್ವನ ಬಳೆ ಸದ್ದಾಯಿತು. "ಅತ್ತೀ, ಬ್ಯಾಡ ಅನ್ರಿ ಅವರಿಗೆ. ಆ ಡಬ್ಬ್ಯಾಗಿದ್ದದ್ದು ಅವರ ಪುಡಿ ಅಲ್ರಿ" ಎಂದು ಅವಳು ಅಜ್ಜಿಗೆ ಹೇಳುವುದು ನನಗೂ ಕೇಳಿಸಿತು. ಹತ್ತು ಮಂದಿಯ ಮುಂದೆ ಅಳಿಯನಿಗೆ ಬೇಡ ಎನ್ನಲು ಅಜ್ಜಿಗೆ ನಾಲಿಗೆ ಏಳಲಿಲ್ಲ. "ಸುಮ್ನಿರವಾ, ಮಂದಿ ನೋಡಾಕತ್ತಾರ" ಎಂದಳು. ಅಷ್ಟರಲ್ಲಿ ಮಾವ ತನ್ನ ಕೈಯಾರೆ ಉಂಡಿಯ ಅರ್ಧ ನನ್ನ ಬಾಯಿಗೆ ತುರುಕಿದ್ದ.

ನಾಲಿಗೆ ಉರಿಯಿತು. ಗಂಟಲಲ್ಲಿ ಯಾರೋ ಹಗ್ಗ ಬಿಗಿದ ಹಾಗಾಯಿತು. ಉಗುಳಲು ಹೋದರೆ ಮಾವ ಗದ್ದ ಹಿಡಿದು ಬಾಯಿ ಮುಚ್ಚಿಸಿದ. "ನುಂಗು, ನುಂಗು. ಹೊಲಸು ಹೊರಗ ಬರತೈತಿ." ನನ್ನ ಉಸಿರು ಸೀಟಿ ಹೊಡೆಯತೊಡಗಿತು. ಗಂಡಸರು ಒಬ್ಬರ ಮುಖ ಒಬ್ಬರು ನೋಡಿದರು, ಯಾರೂ ಏಳಲಿಲ್ಲ.

ಬಾಗಿಲು ಧಡ್ ಎಂದಿತು. ಅವ್ವ ಬಂದಳು. ತಲೆಯ ಮೇಲೆ ಸೆರಗಿರಲಿಲ್ಲ.

"ಏ, ಬಿಡ ಆಕೀನ! ಕೊಲ್ತೀಯೇನ ನನ್ನ ಮಗಳನ್ನ? ಸರಿ ಅತ್ತಾಗ!"

ಮಾವನ ಎದೆಗೆ ಕೈ ಕೊಟ್ಟು ನೂಕಿದಳು. ನನ್ನ ಬಾಯಿಂದ ಉಂಡಿಯನ್ನು ಬೆರಳಿಂದ ತೆಗೆದು ಚೆಲ್ಲಿದಳು. ಮಾವನ ರುಮಾಲು ಬಿಚ್ಚಿಕೊಂಡಿತ್ತು. ನಾನು ನೀಲಿಗಟ್ಟುತ್ತಿದ್ದಾಗ ಆ ಮನುಷ್ಯ ಎರಡೂ ಕೈಯಿಂದ ರುಮಾಲು ಹಿಡಿದು ನಿಂತಿದ್ದ. ಅದನ್ನು ನಾನು ಸತ್ತರೂ ಮರೆಯುವುದಿಲ್ಲ. ಅವ್ವ ನನ್ನನ್ನು ಎತ್ತಿಕೊಂಡು ಬೀದಿಗೆ ಓಡಿದಳು. ಹಿಂದಿನಿಂದ ಅಪ್ಪ ಓಡಿ ಬಂದು ಟಾಂಗಾ ನಿಲ್ಲಿಸಿದ. ಅವನೂ ಒಂದು ಕೆಲಸಕ್ಕೆ ಬಂದ.

ದವಾಖಾನೆಯ ಡಾಕ್ಟರು ಚುಚ್ಚಿದ ಸೂಜಿಯಿಂದ ಗಂಟಲು ಬಿಟ್ಟಿತು. ನಾನು ಎದ್ದು ಕುಳಿತ ಮೇಲೆ ಅವರು ಅಪ್ಪನಿಗೆ ಗದರಿದರು.

"ಇದು ಬಲದ ಮಾತಲ್ಲ ಮಾಸ್ತರ. ಯಾವ ಪುಡಿ, ಯಾವ ಟಾನಿಕ್ಕೂ ಇದನ್ನ ಬಿಡಸಂಗಿಲ್ಲ. ಶೇಂಗಾ ಒಂದು ಬಿಟ್ಟು ಉಳದದ್ದೆಲ್ಲಾ ಹೊಟ್ಟಿ ತುಂಬ ಹಾಕ್ರಿ. ಮನಿಯಾಗ ಅದು ಸುಳೀಬಾರದು."

ಮನೆಗೆ ಬಂದರೆ ಅಲ್ಲಿ ಬೇರೆಯೇ ವಿಚಾರಣೆ ಸಿದ್ಧವಾಗಿತ್ತು. ನನ್ನ ತುಟಿಯ ಬಾವು ಇನ್ನೂ ಇಳಿದಿರಲಿಲ್ಲ, ಅದನ್ನು ಯಾರೂ ಕೇಳಲಿಲ್ಲ. ಅಳಿಯನಿಗೆ ಮಂದಿಯ ಮುಂದೆ 'ಏ' ಎಂದ ಸೊಸೆಯದೇ ದೊಡ್ಡ ಸುದ್ದಿ. "ಕಾಲ ಬಿದ್ದು ತಪ್ಪಾತು ಅನ್ನು" ಎಂದಳು ಅಜ್ಜಿ. ಅವ್ವ ಬಾಗಿ ಮಾವನ ಕಾಲು ಮುಟ್ಟಿದಳು. ತಪ್ಪಾಯಿತು ಎಂಬ ಮಾತು ಅವಳ ಬಾಯಿಂದ ಬರಲಿಲ್ಲ. ಮಾವ ಕಣ್ಣು ಮುಚ್ಚಿ, ದೊಡ್ಡ ಮನಸ್ಸು ಮಾಡಿ, "ಇರಲಿ" ಎಂದ. ಆಮೇಲೆ ಹೇಳಿದ: "ನನ್ನ ಪುಡಿ ಒಳಗ ಕುಂತಿತ್ತಂತ ಹುಡುಗಿ ಉಳೀತು." ಈ ಮಾತನ್ನು ಗದಗಿನ ತುಂಬ ಅವನು ಸಾಯುವ ತನಕ ಹೇಳಿಕೊಂಡು ತಿರುಗಿದ. ಡಬ್ಬಿಯ ವಿಷಯ ಅಜ್ಜಿ ಅವನ ಕಿವಿಗೆ ಹಾಕಲೇ ಇಲ್ಲ. ನೀನಾದರೂ ಯಾಕೆ ಹೇಳಲಿಲ್ಲ ಎಂದು ದೊಡ್ಡವಳಾದ ಮೇಲೆ ಅವ್ವನನ್ನು ಕೇಳಿದೆ. "ಹೇಳಿದ್ರ ಪುಠಾಣೀನೂ ತಾನ ಕಂಡ ಹಿಡಿದೆ ಅಂತಿದ್ದ" ಎಂದಳು.

ಆದರೆ ಅಂದಿನಿಂದ ಮನೆಯೊಳಗೆ ಶೇಂಗಾ ಬರಲಿಲ್ಲ. ಡಾಕ್ಟರ ಹುಕುಂ ಎಂದು ಅವ್ವ ಅಜ್ಜಿಯ ಮೂಲಕ ಹೇಳಿಸಿದಳು. ಹುಕುಂ ಎಂದರೆ ಹಳೆಯ ಕಾರಕೂನ ನಡುಗುತ್ತಿದ್ದ. ಮುಂದಿನ ಸೋಮವಾರ ಉಪವಾಸಕ್ಕೆ ಅವನ ತಾಟಿನಲ್ಲಿ ಒಂದು ಬಾಳೆಹಣ್ಣು, ಪಕ್ಕದಲ್ಲಿ ಒಂದು ವಾಟಗ ಹಾಲು. ಮಾವ ತಾಟು ನೋಡಿದ, ಬಾಗಿಲ ಕಡೆ ನೋಡಿದ. "ಉಪಾಸದ ಪದಾರ್ಥ ಅಂತ ಹೇಳ್ರಿ ಅತ್ತಿ" ಎಂದು ಒಳಗಿನಿಂದ ಅವ್ವನ ದನಿ ಬಂತು. ಪೇಟೆಯಲ್ಲಿ ಶೇಂಗಾ ಮೆದ್ದು ಬಂದ ದಿನ ಬಾಗಿಲಲ್ಲಿ ಒಂದು ತಂಬಿಗೆ ನೀರು ಇಟ್ಟಿರುತ್ತಿತ್ತು. ಮೀಸೆ ತೊಳೆದುಕೊಳ್ಳದೆ ಒಳಗೆ ಕಾಲಿಡುವ ಹಾಗಿರಲಿಲ್ಲ.

ಮಾವ ತೀರಿಕೊಂಡಾಗ ನಾನು ಲಕ್ಷ್ಮೇಶ್ವರದಲ್ಲಿ ಗಂಡನ ಮನೆಯಲ್ಲಿದ್ದೆ. ಅವನಿಂದ ನನಗೆ ಏನೂ ಉಪಕಾರವಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಯಾರ ಮದುವೆಯಲ್ಲಿ ಎಲೆಗೆ ಏನು ಬಿದ್ದರೂ ನಾಚದೆ ಕೇಳುತ್ತೇನೆ, ಇದರಲ್ಲಿ ಏನೇನು ಹಾಕಿದ್ದೀರಿ ಎಂದು. ಬೀಗರು ಮುನಿಸಿಕೊಂಡರೂ ಕೇಳುತ್ತೇನೆ. ಇನ್ನೊಂದು, ನನ್ನ ಅವ್ವನಿಗೆ ಎಷ್ಟು ದೊಡ್ಡ ದನಿಯಿದೆ ಎಂಬುದನ್ನು ನಾನು ಕೇಳಿದ್ದು ಅವನ ದೆಸೆಯಿಂದ. ಆ ಋಣ ಇದೆ, ಒಪ್ಪುತ್ತೇನೆ. ಅವನ ಮೇಲಿನ ತಿರಸ್ಕಾರ ಅದರಿಂದ ಎಳ್ಳಷ್ಟೂ ಕಡಿಮೆಯಾಗಿಲ್ಲ.

ಅವನ ದಿನಕರ್ಮದ ಊಟಕ್ಕೆ ಬೆಟಗೇರಿಗೆ ಹೋದೆ. ಅಜ್ಜಿ ತೀರಿಹೋಗಿ ಬಹಳ ದಿನಗಳಾಗಿದ್ದವು. ಮಾವನಿಗೆ ಇಷ್ಟವೆಂದು ಅತ್ತೆ ಪಕ್ಕದ ಮನೆಯಲ್ಲಿ ಮಾಡಿಸಿದ ಶೇಂಗಾ ಉಂಡಿಗಳನ್ನು ಫೋಟೋದ ಮುಂದೆ ಎಡೆ ಇಟ್ಟಿದ್ದಳು. ಫೋಟೋದಲ್ಲೂ ರುಮಾಲು, ಮೀಸೆ. ಪೂಜೆ ಮುಗಿದ ಮೇಲೆ ಅತ್ತೆ ಒಂದು ಉಂಡಿ ತಂದು, ಕಣ್ಣೀರು ಒರೆಸಿಕೊಳ್ಳುತ್ತ ನನ್ನ ಕಡೆ ಚಾಚಿದಳು.

"ಮಾವನ ಪ್ರಸಾದ ಐತಿ. ಬ್ಯಾಡ ಅನಬಾರದವಾ. ನಿನ್ನ ಮ್ಯಾಲೆ ಭಾಳ ಜೀವ ಇತ್ತು ಅವರಿಗೆ."

ಮೂಲೆಯಲ್ಲಿ ಕುಳಿತಿದ್ದ ಅವ್ವ ಗೋಡೆ ಹಿಡಿದು ಎದ್ದು ಬಂದಳು. ತಲೆಯ ಮೇಲೆ ಸೆರಗು ಸರಿಪಡಿಸಿಕೊಂಡಳು. ನನ್ನ ಮುಂದೆ ಅಡ್ಡ ನಿಂತು, ಅತ್ತೆಯ ಕೈಯನ್ನು ಉಂಡಿಯ ಸಮೇತ ಮೆಲ್ಲಗೆ ಫೋಟೋದ ಕಡೆ ತಿರುಗಿಸಿದಳು.

"ಸತ್ತ ಮ್ಯಾಲಾದ್ರೂ ಈಕೀನ ಬಿಡ್ರಿ ಅಂತ ಹೇಳ್ರಿ ಅವರಿಗೆ" ಎಂದಳು.